ಬರಲ್ಲ ಸಾರ್

ಸಂಜೆ ಆರು ದಾಟಿದ ಮೇಲೆ ಇಂದಿರಾನಗರದ ನೂರಡಿ ರಸ್ತೆಯಲ್ಲಿ ಆಟೋಗೆ ಕೈ ಮಾಡಿ ‘ಕೆ.ಆರ್. ಪುರ’ ಅಂದು ನೋಡಿ. ನೀವು ‘ಪುರ’ಕ್ಕೆ ಬರುವಷ್ಟರಲ್ಲಿ ಚಾಲಕ ತಲೆ ಅಲ್ಲಾಡಿಸಿ ಹೊರಟಿರುತ್ತಾನೆ. ಟಿನ್ ಫ್ಯಾಕ್ಟರಿ ಹತ್ತಿರದ ಜಾಮ್ ಅವನಿಗೆ ಗೊತ್ತು. ಅಲ್ಲಿ ಸಿಕ್ಕಿಕೊಂಡರೆ ಗ್ಯಾಸೂ ಹೋಯಿತು, ಸಂಜೆಯ ಬಾಡಿಗೆಯೂ ಹೋಯಿತು. ಫುಟ್‌ಪಾತಿನಲ್ಲಿ ನಿಂತವರು ಅವನ ವಂಶವನ್ನೆಲ್ಲ ಬೈಯುತ್ತಾರೆ. ನಾನೂ ಬೈಯುತ್ತೇನೆ, ಬೈಯುತ್ತಲೇ ಮೆಚ್ಚುತ್ತೇನೆ. 1988ರ ಮೋಟಾರು ವಾಹನ ಕಾಯ್ದೆಯ 178ನೇ ಸೆಕ್ಷನ್ ಪ್ರಕಾರ ಹೀಗೆ ಬಾಡಿಗೆ ಒಲ್ಲೆನೆನ್ನುವುದು ಅಪರಾಧ. ಕಾನೂನಿನ ಅನುಮತಿ ಇಲ್ಲದವನು ಕ್ಷಣದಲ್ಲಿ ಒಲ್ಲೆ ಅನ್ನುತ್ತಾನೆ. ಅದೇ ರಸ್ತೆಯ ಗಾಜಿನ ಕಟ್ಟಡಗಳೊಳಗೆ, ಯಾವ ಕಾನೂನೂ ಬಾಯಿ ಕಟ್ಟದವರು, ಶುಕ್ರವಾರ ಸಂಜೆ ಬಂದ ಆಗದ ಕೆಲಸಕ್ಕೆ ‘ನೋಡೋಣ ಸರ್, ಮಾಡಿಬಿಡೋಣ’ ಅಂದು ಭಾನುವಾರ ಹೆಂಡತಿಯ ಮೇಲೆ ರೇಗುತ್ತಾರೆ.

ನಾವು ದೆವ್ವಕ್ಕೂ ದಾಕ್ಷಿಣ್ಯ ತೋರಿದ ಜನ. 1990ರ ದಶಕದಲ್ಲಿ ರಾತ್ರಿ ಹೊತ್ತು ಬಾಗಿಲು ತಟ್ಟುವ ಹೆಣ್ಣುದೆವ್ವದ ಗುಲ್ಲೆದ್ದಾಗ ‘ಬರಬೇಡ’ ಎಂದು ಬರೆಯಲು ನಮಗೆ ಮನಸ್ಸಾಗಲಿಲ್ಲ. ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದೆವು. ‘ಇಂದು ನಗದು, ನಾಳೆ ಉದ್ರಿ’ ಎಂಬ ಅಂಗಡಿಯ ಬೋರ್ಡೂ ಅದೇ ಸಂತಾನ. ದೆವ್ವಕ್ಕೆ ಬೇಕಾದಷ್ಟು ನಾಳೆಗಳಿವೆ. ನಿಮ್ಮ ನಾಳೆಯನ್ನು ನಂಬಿ ಕೂತ ಗಿರಾಕಿಯ ಮನೆಯಲ್ಲಿ ಮಾತ್ರ ಗುರುವಾರ ಮದುವೆ ಇರುತ್ತದೆ.

ಶಿವಾಜಿನಗರದ ದರ್ಜಿಗಳಿಗೆ ಈ ಲೆಕ್ಕ ಚೆನ್ನಾಗಿ ಗೊತ್ತು. ರಂಜಾನ್ ತಿಂಗಳಲ್ಲಿ ಕಮರ್ಷಿಯಲ್ ಸ್ಟ್ರೀಟಿನ ಆಚೀಚಿನ ಗಲ್ಲಿಗಳಿಗೆ ಹೋಗಿ ನೋಡಬೇಕು. ಬಟ್ಟೆಯ ಗಂಟುಗಳ ನಡುವೆ ಮನುಷ್ಯರನ್ನು ಹುಡುಕಬೇಕಾಗುತ್ತದೆ. ಹಬ್ಬಕ್ಕೆ ಇನ್ನೂ ಎಷ್ಟೋ ದಿನಗಳಿರುವಾಗಲೇ ಕೆಲವು ಅಂಗಡಿಗಳಲ್ಲಿ ‘ಆರ್ಡರ್ ಕ್ಲೋಸ್’ ಎಂಬ ಚೀಟಿ ಬೀಳುತ್ತದೆ. ಕತ್ತರಿಸುವ ಮಾಸ್ಟರ್ ಒಬ್ಬ, ಮೆಷಿನ್ ಎರಡೋ ಮೂರೋ. ಕಾಜಾ ಗುಂಡಿ ಹೊರಗೆ ಕೊಟ್ಟು ಮಾಡಿಸಬೇಕು. ಹೊಲಿಯುವವರಿಗೂ ಉಪವಾಸ, ನಡುನಡುವೆ ಕರೆಂಟೂ ಹೋಗುತ್ತದೆ. ಹಬ್ಬದ ಹಿಂದಿನ ಚಾಂದ್‌ರಾತ್ ಕಳೆದ ಮೇಲೆ ಕೈಗೆ ಬಂದ ಹೊಸ ಬಟ್ಟೆ ಯಾರಿಗೆ ಬೇಕು? ಹಳೆ ಗಿರಾಕಿಯೊಬ್ಬರು ‘ಮಾಸ್ಟರ್, ನಮ್ಮದೊಂದೇ ಒಂದು’ ಎಂದು ಗೋಗರೆದರೂ ಕೊರಳಿನ ಟೇಪು ಕೆಳಗಿಳಿಯುವುದಿಲ್ಲ. ‘ಆಗಲ್ಲಮ್ಮ. ಇಸ್ಕೊಂಡು ಕೈ ಕೊಟ್ರೆ ಆಮೇಲೆ ನೀವೇ ಬೈತೀರ.’ ಆಕೆ ಮುಖ ಗಂಟು ಹಾಕಿಕೊಂಡೇ ಮುಂದಿನ ಗಲ್ಲಿಗೆ ನಡೆಯುತ್ತಾರೆ. ಇನ್ನೊಬ್ಬರನ್ನು ಹುಡುಕಿಕೊಳ್ಳಲು ಆಕೆಗೆ ಅಷ್ಟು ದಿನ ಉಳಿದದ್ದೇ ಆ ನಿಷ್ಠುರದಿಂದ. ಹೂಂ ಅಂದು ಬಟ್ಟೆ ಇಸಿದುಕೊಂಡು ಮೂಲೆಗೆ ಹಾಕುವವನು ಆ ದಿನಗಳನ್ನೂ ಕದಿಯುತ್ತಾನೆ. ಇದನ್ನು ನಾನು ಒಳ್ಳೆಯತನ ಎಂದು ಕರೆಯಲಾರೆ.

ಆದರೆ ಅದೇ ಅಂಗಡಿಯಲ್ಲಿ ಹುಕ್ ಹಾಕುವ ಹುಡುಗ ‘ಆಗಲ್ಲ’ ಅನ್ನಲಿ ನೋಡೋಣ! ಕೈಯಲ್ಲಿ ಕಸುಬಿದ್ದು ಹೊರಗೆ ಗಿರಾಕಿ ಕಾಯುತ್ತಿದ್ದರೆ ಒಲ್ಲೆನೆನ್ನುವುದು ಸಲೀಸು. ಮನೆಸಾಲದ ಕಂತು ಕಟ್ಟುವ ಟೆಕ್ಕಿಯೂ ಆ ಹುಡುಗನ ಸಾಲಿನಲ್ಲೇ ನಿಂತಿದ್ದಾನೆ, ಸಂಬಳ ಎಷ್ಟೇ ಇರಲಿ. ಇಂಥವರು ಒಬ್ಬೊಬ್ಬರಾಗಿ ಹೇಳಿದರೆ ಕೆಲಸ ಹೋಗುತ್ತದೆ, ಕೂಡಿಯೇ ಹೇಳಬೇಕು. 2025ರಲ್ಲಿ ರಾಜ್ಯದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯನ್ನು ತಿದ್ದಿ, ಓವರ್‌ಟೈಮ್ ಸೇರಿ ದಿನಕ್ಕೆ 12 ಗಂಟೆಯವರೆಗೆ ದುಡಿಸಲು ಅವಕಾಶ ಕೊಡುವ ಪ್ರಸ್ತಾವ ಬಂದಾಗ ಐಟಿ ನೌಕರರ ಸಂಘ ಕೆಐಟಿಯು ಎದ್ದು ನಿಂತು ವಿರೋಧಿಸಿತು. ಮೀಟಿಂಗಿನಲ್ಲಿ ಬಾಯಿ ಬಿಡದವರ ಪರವಾಗಿ ಯಾರೋ ಬಾಯಿ ಬಿಟ್ಟರು.

ಕೆಲಸ ಹೇಳುವ ಜಾಗದಲ್ಲಿ ಕೂತವರಿಗೆ ನನ್ನದೊಂದು ಕೋರಿಕೆ. ‘ಈ ವಾರ ಆಗಲ್ಲ’ ಅಂದವನ ಹೆಸರನ್ನು ದಯವಿಟ್ಟು ಪಟ್ಟಿಯಿಂದ ಹೊಡೆದುಹಾಕಬೇಡಿ. ಮುಂದಿನ ಕೆಲಸ ಮೊದಲು ಅವನಿಗೇ ಹೇಳಿ. ಮತ್ತೆ, ಹಬ್ಬಕ್ಕೆ ಶಿವಾಜಿನಗರದಲ್ಲಿ ಹೊಲಿಸುವುದಿದ್ದರೆ ರಂಜಾನ್ ಶುರುವಾಗುವ ಮೊದಲೇ ಅಳತೆ ಕೊಟ್ಟು ಬನ್ನಿ.