ತಕ್ಕಡಿಯ ಮುಳ್ಳು

ಜುಲೈ 31, 2024, ಬುಧವಾರ

ಯೇಸುಸಭೆಯ ಸ್ಥಾಪಕ ಸಂತ ಇಗ್ನೇಷಿಯಸರ ಹಬ್ಬ. ಬೆಳಗಿನ ಬಲಿಪೂಜೆಯ ಪ್ರಬೋಧನೆಯಲ್ಲಿ ಪಾಂಪ್ಲೋನದ ಯುದ್ಧ ಬಂತು. 1521ರಲ್ಲಿ ಫಿರಂಗಿ ಗುಂಡು ತಗುಲಿ ಕಾಲು ಮುರಿದ ಸೈನಿಕ, ಹಾಸಿಗೆಯಲ್ಲಿ ಸಂತರ ಚರಿತ್ರೆ ಓದಿ ಬದಲಾದ. ಕಥೆ ಯಾವಾಗಲೂ ಅಲ್ಲಿಗೇ ನಿಲ್ಲುತ್ತದೆ. ನನಗೆ ಬೇಕಾದದ್ದು ಮುಂದಿನದು. ಸ್ಪೇನಿನ ಅಲ್ಕಲಾ ಪಟ್ಟಣದಲ್ಲಿ ಜನ ಪ್ರಾರ್ಥನೆ ಕಲಿಯಲು ಇಗ್ನೇಷಿಯಸರ ಬಳಿ ಬರುತ್ತಿದ್ದಾಗ ಅವರಿಗೆ ಗುರುದೀಕ್ಷೆಯೇ ಆಗಿರಲಿಲ್ಲ. ನಮ್ಮ ಹಾಗೆ ಶ್ರೀಸಾಮಾನ್ಯರು. ಬಂದವರಲ್ಲಿ ಎಷ್ಟೋ ಮಂದಿ ಹೆಂಗಸರು. 1527ರಲ್ಲಿ ಧರ್ಮಸಭೆಯ ಅಧಿಕಾರಿಗಳು ಅವರನ್ನು ಸೆರೆಯಲ್ಲಿಟ್ಟು ವಿಚಾರಿಸಿ, ಇನ್ನಷ್ಟು ಓದುವವರೆಗೆ ಬೋಧನೆ ಬೇಡವೆಂದರು. ಸಲಮಾಂಕದಲ್ಲಿ ಮತ್ತೆ ಸೆರೆ. ಮರುವರ್ಷವೇ ಪ್ಯಾರಿಸ್‌ಗೆ ಹೋಗಿ ಓದಲು ಕೂತರು. ದೇವರೇ ತನಗೆ ಪಾಠ ಹೇಳಿದರೆಂದು ನಂಬಿದ್ದ ಮನುಷ್ಯ!

ನಾನು ಆಧ್ಯಾತ್ಮಿಕ ಮಾರ್ಗದರ್ಶನದ ಕೋರ್ಸ್ ಸೇರಿದ್ದಕ್ಕೆ ನಾದಿನಿ ಮೊನ್ನೆ ಕೇಳಿದಳು: "ಅತ್ತಿಗೆ, ನಾಲ್ಕು ಜನರ ಕಷ್ಟ ಕೇಳೋಕೂ ಕೋರ್ಸ್ ಬೇಕಾ?" ಬೇಕು ಅಂದೆ. ಕಷ್ಟ ಕೇಳುವುದು ಬೇರೆ, ಒಬ್ಬರ ಬದುಕಿನಲ್ಲಿ ದೇವರು ಏನು ಮಾಡುತ್ತಿದ್ದಾರೆಂದು ಅವರ ಜೊತೆ ಕೂತು ನೋಡುವುದು ಬೇರೆ.

ಆಗಸ್ಟ್ 17, ಶನಿವಾರ

ಕೋರ್ಸಿನಲ್ಲಿ ಮೂವರ ಗುಂಪಿನ ಅಭ್ಯಾಸ. ಒಬ್ಬರು ತಮ್ಮ ಪ್ರಾರ್ಥನೆಯ ಬಗ್ಗೆ ಹೇಳಬೇಕು, ಒಬ್ಬರು ಕೇಳಬೇಕು, ಮೂರನೆಯವರು ಬಾಯಿ ತೆರೆಯದೆ ಗಮನಿಸಬೇಕು. ಇಂದು ಗಮನಿಸುವ ಸರದಿ ನನ್ನದು. ಹೇಳಿದವರು ಏನು ಹೇಳಿದರೆಂದು ಇಲ್ಲಿ ಕೂಡ ಬರೆಯುವುದಿಲ್ಲ. ಇದು ಪಾಪನಿವೇದನೆಯಲ್ಲ, ಆದರೂ ಮಾತು ಆ ಕೋಣೆ ದಾಟಬಾರದು.

ಕೇಳಿದ ಧರ್ಮಭಗಿನಿಯ ಬಗ್ಗೆ ಮಾತ್ರ ಬರೆಯುತ್ತೇನೆ. ಎದುರಿನವರ ದನಿ ನಡುಗಿದಾಗ ಅವರು ನೀರಿನ ಲೋಟ ಚಾಚಲಿಲ್ಲ, ಬೈಬಲ್ ವಾಕ್ಯ ಹೇಳಲಿಲ್ಲ, "ಎಲ್ಲಾ ಸರಿಹೋಗುತ್ತೆ" ಎನ್ನಲಿಲ್ಲ. ಸುಮಾರು ಹೊತ್ತಾದ ಮೇಲೆ ಕೇಳಿದ್ದು ಇಷ್ಟೇ: "ಆಗ ದೇವರ ಹತ್ತಿರ ಇದನ್ನ ಹೇಳಿಕೊಂಡ್ರಾ?" ಅಲ್ಲಿಂದ ಮಾತಿನ ದಾರಿಯೇ ಬೇರೆಯಾಯಿತು. ಅಲ್ಲಿಯವರೆಗೆ ದೇವರು ಮಾತಿನ ವಿಷಯವಾಗಿದ್ದರು, ಆಮೇಲೆ ಕೋಣೆಯಲ್ಲಿ ಇನ್ನೊಬ್ಬರು ಇದ್ದ ಹಾಗಾಯಿತು. ವಿಲಿಯಂ ಬ್ಯಾರಿ, ವಿಲಿಯಂ ಕಾನಲಿ ಎಂಬ ಇಬ್ಬರು ಯೇಸುಸಭೆಯ ಗುರುಗಳು 1982ರಲ್ಲಿ ಬರೆದ ಪುಸ್ತಕವನ್ನು ನಮಗೆ ಪಠ್ಯವಾಗಿ ಕೊಟ್ಟಿದ್ದಾರೆ. ಅವರ ವಾದವೆಲ್ಲ ಇದರ ಸುತ್ತಲೇ: ಸಮಸ್ಯೆ ಬಿಡಿಸುವುದು ಈ ಕೆಲಸವಲ್ಲ, ದೇವರ ಜೊತೆಗಿನ ಸಂಬಂಧವನ್ನೇ ಎದುರಿಗಿಟ್ಟುಕೊಳ್ಳಬೇಕು.

ಇಗ್ನೇಷಿಯಸರ 'ಆಧ್ಯಾತ್ಮಿಕ ಸಾಧನೆಗಳು' ಕೈಪಿಡಿಯ ಹದಿನೈದನೆಯ ಸೂಚನೆಯನ್ನು ರಾತ್ರಿ ಮತ್ತೆ ಓದಿದೆ. ಧ್ಯಾನ ಮಾಡಿಸುವವರು ಯಾವ ಕಡೆಗೂ ವಾಲಬಾರದು, ತಕ್ಕಡಿಯ ಮುಳ್ಳಿನಂತೆ ನಡುವೆ ನಿಲ್ಲಬೇಕು. ಕಾನ್ವೆಂಟ್ ಸೇರಲೋ ಬೇಡವೋ ಎಂದು ಕೇಳುವ ಹುಡುಗಿಗೆ ಆ ಹೊತ್ತಿನಲ್ಲಿ ಸೇರು ಎನ್ನುವುದೂ ತಪ್ಪು. ನಮ್ಮ ಧರ್ಮಕೇಂದ್ರಗಳಲ್ಲಿ ಇದನ್ನು ಹೇಳಿದರೆ ಎಷ್ಟು ಜನ ಒಪ್ಪಿಯಾರು?

ಅಕ್ಟೋಬರ್ 15, ಮಂಗಳವಾರ

ಆವಿಲಾದ ಸಂತ ತೆರೇಸಾರ ಹಬ್ಬ. ಅವರ ಆತ್ಮಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ದರ್ಶನಗಳಲ್ಲ, ದಾರಿ ತೋರಿಸಲು ಬಂದವರಿಂದ ಅವರು ಪಟ್ಟ ಪಾಡು. ಗಾಸ್ಪಾರ್ ದಾಸಾ ಗುರು. ಫ್ರಾನ್ಸಿಸ್ಕೊ ದೆ ಸಾಲ್ಸೆದೊ ಸಂಸಾರಿ. ಇಬ್ಬರೂ ಭಕ್ತರು, ಸಜ್ಜನರು, ತೆರೇಸಾರ ಮೇಲೆ ನಿಜವಾದ ಅಕ್ಕರೆ ಇದ್ದವರು. ಆಕೆಯ ಪ್ರಾರ್ಥನೆಯ ಅನುಭವಗಳನ್ನು ಕೇಳಿ ಅದೆಲ್ಲ ಸೈತಾನನ ಕೆಲಸವೆಂದು ತೀರ್ಪು ಕೊಟ್ಟರು. ಆಕೆ ಅತ್ತು ಸೊರಗಿದರು. 1555ರ ಸುಮಾರಿಗೆ ಯೇಸುಸಭೆಯ ತರುಣ ಗುರು ದಿಯೆಗೊ ದೆ ಸೆತಿನಾ ಬಂದು, ಇದು ದೇವರ ಆತ್ಮವೇ, ಪ್ರಾರ್ಥನೆ ಬಿಡಬೇಡಿ ಎಂದರು.

1970ರಲ್ಲಿ ಧರ್ಮಸಭೆ ಪಂಡಿತೆಯೆಂದು ಘೋಷಿಸಿದ ಮಹಿಳೆಯ ಒಳಬದುಕು ಇಬ್ಬರು ಒಳ್ಳೆಯವರ ಕೈಯಲ್ಲಿ ಮುರಿದುಹೋಗಬಹುದಿತ್ತು. ಒಳ್ಳೆಯತನ ಇದ್ದರೆ ಸಾಕು ಎನ್ನುವವರಿಗೆ ನಾನು ತೋರಿಸುವುದು ಈ ಅಧ್ಯಾಯವನ್ನೇ.

ನವೆಂಬರ್ 9, ಶನಿವಾರ

ಇವತ್ತಿನ ಪಾಠ ಶುಷ್ಕತೆಯ ಕಾಲದ್ದು. ಪ್ರಾರ್ಥನೆ ಒಣಗಿದಾಗ, ಹಿಂದೆ ನೆಮ್ಮದಿಯಲ್ಲಿ ಮಾಡಿದ ತೀರ್ಮಾನವನ್ನು ಬದಲಿಸಬೇಡ ಎನ್ನುತ್ತಾರೆ ಇಗ್ನೇಷಿಯಸ್. ಒಣಗಿದ ಕಾಲವನ್ನು ಕೂಡಲೇ ವಾಸಿ ಮಾಡಬೇಕಾದ ಕಾಯಿಲೆಯೆಂದು ಅವರು ಕಂಡಿಲ್ಲ. ಅದರಲ್ಲಿ ತಾಳಿ ಇರುವುದನ್ನು ಕಲಿಸುತ್ತಾರೆ.

ಆದರೆ ನಿಜವಾದ ಕಾಯಿಲೆಯೂ ಇರುತ್ತದಲ್ಲ. ವಾರಗಟ್ಟಲೆ ನಿದ್ದೆಯಿಲ್ಲ, ಊಟ ಸೇರುವುದಿಲ್ಲ, ಬದುಕೇ ಬೇಡ ಎನ್ನುವವರಿಗೆ ಶುಷ್ಕತೆಯ ಪಾಠ ಹೇಳುವುದು ಕ್ರೌರ್ಯ. ಮನ್ರೇಸಾದಲ್ಲಿ ಪಾಪಭೀತಿ ಹೆಚ್ಚಿ, ಕೋಣೆಯಲ್ಲಿದ್ದ ಕುಳಿಗೆ ಹಾರಿಬಿಡಬೇಕೆಂದು ಇಗ್ನೇಷಿಯಸರಿಗೇ ಅನಿಸಿತ್ತು. ಇಂಥ ಕಾಯಿಲೆಯಲ್ಲಿರುವವರನ್ನು ಇಂದಿಗೂ ದೆವ್ವ ಬಿಡಿಸುವ ಕೂಟಗಳಿಗೆ ಕರೆದೊಯ್ಯುತ್ತಾರೆ. ಮಾತ್ರೆ ನಿಲ್ಲಿಸಿ ಉಪವಾಸ ಮಾಡಿ ಎಂದು ಉಪದೇಶ ಮಾಡಿದ್ದನ್ನು ನಾನೇ ಕೇಳಿದ್ದೇನೆ. ಮೈ ಉರಿಯುತ್ತದೆ. ವೈದ್ಯರ ಬಳಿ ಕಳಿಸುವುದು ವಿಶ್ವಾಸದ ಕೊರತೆಯಲ್ಲ. ಕಳಿಸಿದ ಮೇಲೂ ಕೈಬಿಡದೆ ಜೊತೆಗಿರುವುದು ನಮ್ಮ ಕೆಲಸ, ಔಷಧಿ ಮತ್ತು ಪ್ರಾರ್ಥನೆ ಒಟ್ಟಿಗೇ ನಡೆಯಲಿ.

ನಮ್ಮ ಕೋರ್ಸಿನಲ್ಲಿ ಇದಕ್ಕೆ ಒಂದೇ ಗಂಟೆ ಇಟ್ಟಿದ್ದಾರೆ, ಸಾಲದು. ಮುಂದಿನ ಶನಿವಾರ ಕೋರ್ಸ್ ನಡೆಸುವ ಫಾದರ್ ಅವರನ್ನು ಕೇಳುತ್ತೇನೆ: ನಿಮ್ಹಾನ್ಸ್‌ನಲ್ಲಿ ಕೆಲಸ ಮಾಡಿದ ವೈದ್ಯರು ಯಾರನ್ನಾದರೂ ಕರೆಸಿ, ಪೂರ್ತಿ ಒಂದು ದಿನ ಕೊಡಿ.