ದೊಡ್ಡಮ್ಮನ ಪ್ರಶ್ನೆ ಮತ್ತು 13 ನ್ಯಾನೋಮೀಟರ್

ಬಯೋಟೆಕ್ ಬ್ರಾಂಚ್ ಅಂದ ಕೂಡಲೇ ಎಲ್ಲರೂ ಕೇಳೋದು ಒಂದೇ, "ಪ್ಲೇಸ್‌ಮೆಂಟ್ ಹೇಗೆ?" ಆದರೆ ನನ್ನನ್ನು ಅದಕ್ಕಿಂತ ಹೆಚ್ಚು ಕಾಡಿದ್ದು ಯಾದವಗಿರಿಯಲ್ಲಿರೋ ನನ್ನ ದೊಡ್ಡಮ್ಮ ಕೇಳಿದ ಪ್ರಶ್ನೆ. ಅದಕ್ಕೆ ಉತ್ತರ ಹುಡುಕಿದ ಕಥೆ ಇದು. ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂನಲ್ಲಾದ್ದರಿಂದ, ಕನ್ನಡ ಪದ ಸಿಗದ ಕಡೆ ಕ್ಲಾಸಿನ ಪದವನ್ನೇ ಬಳಸಿದ್ದೀನಿ.

ದೊಡ್ಡಮ್ಮನಿಗೆ ಕಳೆದ ವರ್ಷ ಸ್ತನ ಕ್ಯಾನ್ಸರ್ ಅಂತ ಗೊತ್ತಾಯ್ತು, ಹರ್‌ಟೂ ಪಾಸಿಟಿವ್ ಬಗೆ. ಆಪರೇಷನ್, ಕೀಮೋ ಎಲ್ಲ ಆದ್ಮೇಲೆ ಮೂರು ವಾರಕ್ಕೊಮ್ಮೆ ಟ್ರಾಸ್ಟುಜುಮ್ಯಾಬ್ ಅನ್ನೋ ಆಂಟಿಬಾಡಿ ಔಷಧ. ಆಟೋದಲ್ಲಿ ಕರ್ಕೊಂಡು ಹೋಗಿ ಬರೋದು ನನ್ನ ಕೆಲಸ. ಅಲ್ಲಿ ಸಿಸ್ಟರ್ ಬಿಳಿ ಪುಡಿಯಿರೋ ಬಾಟಲಿಗೆ ನೀರು ಬಿಟ್ಟು, ಕುಲುಕದೆ, ಮೆಲ್ಲಗೆ ತಿರುಗಿಸ್ತಾರೆ. ನೊರೆ ಇಳಿಯೋವರೆಗೂ ಕಾಯ್ತಾರೆ. ಆಮೇಲೆ ಡ್ರಿಪ್ ಬ್ಯಾಗ್ ಮೇಲಿನ ಹೆಸರನ್ನು ಎರಡು ಸಲ ಓದ್ತಾರೆ. ಸಲೈನ್ ಆಗಬೇಕು, ಗ್ಲೂಕೋಸ್ ಆಗಬಾರದು. ಗ್ಲೂಕೋಸ್ ದ್ರಾವಣದಲ್ಲಿ ಈ ಪ್ರೋಟೀನ್ ಗುಂಪುಗಟ್ಟುತ್ತೆ.

ಮೊದಲ ಡ್ರಿಪ್‌ಗೆ ಒಂದೂವರೆ ಗಂಟೆ ಹಿಡೀತು. ಮಲಗಿ ಮಲಗಿ ಬೇಜಾರಾಗಿ ದೊಡ್ಡಮ್ಮ ಕೇಳಿದ್ರು: "ಇಷ್ಟು ಹೊತ್ತು ಮಲಗಿಸೋ ಬದಲು ಒಂದೇ ಸೂಜೀಲಿ ಚುಚ್ಚಿ ಕಳಿಸೋಕೆ ಆಗಲ್ವೇನೋ? ನೀನು ಅದನ್ನೇ ತಾನೆ ಓದ್ತಿರೋದು?"

ಆಗುತ್ತೆ. ಇದೇ ಔಷಧಕ್ಕೆ ಚರ್ಮದ ಕೆಳಗೆ ಕೊಡೋ ಇಂಜೆಕ್ಷನ್ ರೂಪವೂ ಇದೆ. 5 ಮಿಲಿಲೀಟರ್‌ನಲ್ಲಿ 600 ಮಿಲಿಗ್ರಾಂ, ಐದು ನಿಮಿಷದೊಳಗೆ ಮುಗಿಯುತ್ತೆ. ಅಂದ್ರೆ ಪ್ರತಿ ಮಿಲಿಲೀಟರ್‌ಗೆ 120 ಮಿಲಿಗ್ರಾಂ. ಸಿಸ್ಟರ್ ಕರಗಿಸೋ ಬಾಟಲಿಯಲ್ಲಿ ಇರೋದು ಬರೀ 21.

ಈ ಎರಡು ಸಂಖ್ಯೆಗಳ ಮಧ್ಯೆ ಏನಾಗುತ್ತೆ ಅಂತ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಲೆಕ್ಕ ಹಾಕಿದೆ. ಟ್ರಾಸ್ಟುಜುಮ್ಯಾಬ್‌ನ ಅಣುತೂಕ ಸುಮಾರು 1,48,000. ಅವೊಗಾಡ್ರೊ ಸಂಖ್ಯೆ ಹಾಕಿದ್ರೆ, 21ರಲ್ಲಿ ಒಂದು ಅಣುವಿನಿಂದ ಪಕ್ಕದ ಅಣುವಿಗೆ ಸರಾಸರಿ 23 ನ್ಯಾನೋಮೀಟರ್ ದೂರ. 120ರಲ್ಲಿ ಸುಮಾರು 13. ಆಂಟಿಬಾಡಿಯ ಗಾತ್ರವೇ 10 ನ್ಯಾನೋಮೀಟರ್ ಆಸುಪಾಸು! ಆಯುಧಪೂಜೆಯ ಹಿಂದಿನ ದಿನ ದೇವರಾಜ ಮಾರ್ಕೆಟ್‌ನಲ್ಲಿ ನಿಂತ ಹಾಗೆ, ಭುಜಕ್ಕೆ ಭುಜ ತಾಗುತ್ತೆ. ಒಂಟಿಯಾಗಿದ್ದಾಗ ಅಣು ಎಷ್ಟೇ ಸಾಧುವಾಗಿರಲಿ, ಇಲ್ಲಿ ಲೆಕ್ಕಕ್ಕೆ ಬರೋದು ಪಕ್ಕದವರ ಜೊತೆ ಅದು ಹೇಗಿರುತ್ತೆ ಅನ್ನೋದು. ಒಂದನ್ನೊಂದು ಎಳೆದುಕೊಂಡ್ರೆ ದ್ರಾವಣ ಗಟ್ಟಿಯಾಗಿ ಸೂಜಿಯಿಂದ ಹೊರಗೆ ಬರಲ್ಲ. ಗುಂಪುಗಟ್ಟಿದ್ರಂತೂ ದೇಹ ಔಷಧವನ್ನೇ ಶತ್ರು ಅಂದ್ಕೊಂಡು ಅದರ ವಿರುದ್ಧ ತಿರುಗಿಬೀಳಬಹುದು. ಆ ಗುಂಪುಗಳು ಸಣ್ಣದಾಗಿದ್ರೆ ದ್ರಾವಣ ತಿಳಿನೀರಿನ ಹಾಗೇ ಕಾಣುತ್ತೆ. ಕಣ್ಣನ್ನ ನಂಬೋ ಹಾಗಿಲ್ಲ, ಅಳೀಬೇಕು.

ಅಳೆಯೋ ರೀತಿ ನನಗೆ ತುಂಬ ಇಷ್ಟ ಆಯ್ತು. ಮೊದಲು ಔಷಧವನ್ನು ತೆಳುವಾಗಿ, ನಾಲ್ಕೈದು ಬೇರೆ ಬೇರೆ ಸಾಂದ್ರತೆಗಳಲ್ಲಿ ಮಾಡ್ಕೋತಾರೆ. ಪ್ರತಿಯೊಂದಕ್ಕೂ ಲೇಸರ್ ಬಿಡ್ತಾರೆ. ಅಣುಗಳು ಸದಾ ಅಲೆದಾಡ್ತಾ ಇರೋದ್ರಿಂದ ಚದುರಿದ ಬೆಳಕು ಮಿನುಗುತ್ತೆ. ಬೆಳಕು ಚದುರೋದು ಅಂದ್ರೆ ನಮಗೆ ಸಿ. ವಿ. ರಾಮನ್ ನೆನಪಾಗ್ತಾರೆ. ಆದರೆ ರಾಮನ್ ಎಫೆಕ್ಟ್‌ನಲ್ಲಿ ನೋಡೋದು ಬೆಳಕಿನ ಬಣ್ಣದ ಬದಲಾವಣೆ, ಇಲ್ಲಿ ಮಿನುಗಿನ ವೇಗ. ಅದರಿಂದ ಅಣುಗಳ ಡಿಫ್ಯೂಷನ್ ವೇಗ ಸಿಗುತ್ತೆ. ಅದನ್ನು ಸಾಂದ್ರತೆಯ ಎದುರು ಗ್ರಾಫ್ ಹಾಕಿದ್ರೆ ಒಂದು ಗೆರೆ. ಸ್ಥೂಲವಾಗಿ ಹೇಳಬೇಕಂದ್ರೆ, ಗೆರೆ ಏರಿದ್ರೆ ಅಣುಗಳು ಒಂದನ್ನೊಂದು ದೂರ ತಳ್ತಿವೆ, ಇಳಿದ್ರೆ ಎಳೀತಿವೆ. ಪಿಎಚ್ ಬದಲಾಯಿಸಿ, ಉಪ್ಪು ಸೇರಿಸಿ, ಮತ್ತೆ ಗೆರೆ ಎಳೀತಾರೆ. ಯಾವ ಮಿಶ್ರಣದಲ್ಲಿ ಗೆರೆ ಚೆನ್ನಾಗಿ ಏರುತ್ತೋ ಅದು ಮುಂದಿನ ಸುತ್ತಿಗೆ. ಇದೆಲ್ಲ ಕೆಲವೇ ಹನಿ ಔಷಧದಲ್ಲಿ ಆಗುತ್ತೆ.

ಹಾಗಂತ ಆ ಗೆರೆಯೇ ಕೊನೆ ಮಾತಲ್ಲ. ತೆಳು ದ್ರಾವಣದಲ್ಲಿ ಅಣುಗಳು ಇಬ್ಬಿಬ್ಬರೇ ಎದುರಾಗೋದು ಜಾಸ್ತಿ. 120ರಲ್ಲಿ ಒಂದೇ ಅಣುವಿಗೆ ಸುತ್ತಲೂ ನೆರೆಯವರು. ಅದಕ್ಕೇ ನಿಜವಾದ ಸಾಂದ್ರತೆಯಲ್ಲೂ ವಿಸ್ಕಾಸಿಟಿ, ಗುಂಪುಗಟ್ಟೋ ಪ್ರಮಾಣ ಎರಡನ್ನೂ ಮತ್ತೆ ಅಳೀಲೇಬೇಕು.

ಇದು ದೂರದ ಅಮೆರಿಕದ ಕಥೆಯಷ್ಟೇ ಅಲ್ಲ. ಬೆಂಗಳೂರಿನ ಬಯೋಕಾನ್ 2014ರಲ್ಲಿ ಇದೇ ಆಂಟಿಬಾಡಿಯ ಬಯೋಸಿಮಿಲರ್ ಅನ್ನು ಭಾರತದಲ್ಲಿ ತಂತು. ಮೈಲಾನ್ ಜೊತೆ ಸೇರಿ ತಯಾರಿಸಿದ ಬಯೋಸಿಮಿಲರ್‌ಗೆ 2017ರ ಡಿಸೆಂಬರ್‌ನಲ್ಲಿ ಅಮೆರಿಕದ ಎಫ್‌ಡಿಎ ಒಪ್ಪಿಗೆಯೂ ಸಿಕ್ತು. ಇಂಥ ಔಷಧ ಮೂಲದ ಹಾಗೇ ಇದೆ ಅಂತ ತೋರಿಸುವಾಗ, ಎಷ್ಟು ಗುಂಪುಗಟ್ಟಿದೆ ಅನ್ನೋದಕ್ಕೂ ಲೆಕ್ಕ ಕೊಡಬೇಕು.

ಇದು ಬಯೋಟೆಕ್‌ನವರದ್ದು ಮಾತ್ರ ಅಂತ ಪುಟ ದಾಟಿಸಬೇಡಿ. ಲೇಸರ್, ಡಿಟೆಕ್ಟರ್ ಇಸಿಯವರದ್ದು. ಮಿನುಗಿನಿಂದ ವೇಗ ಹೊರತೆಗೆಯೋದು ಸಿಎಸ್‌ನವರ ಕೋಡ್. ಮೆಕ್ಯಾನಿಕಲ್‌ನವರೇ, ಹೇಗನ್-ಪಾಯ್ಸೆಯ್ ಸೂತ್ರ ನೆನಪಿದೆಯಾ? ಸೂಜಿಯ ತ್ರಿಜ್ಯ ಅರ್ಧವಾದ್ರೆ ಒತ್ತಡ 16 ಪಟ್ಟು ಬೇಕು. ಸೂಜಿ ದಪ್ಪ ಮಾಡಿದ್ರೆ ರೋಗಿಗೆ ನೋವು. ಉಳಿಯೋದು ವಿಸ್ಕಾಸಿಟಿ ಇಳಿಸೋದೊಂದೇ. ನಾವು ಎಕ್ಸಾಮ್‌ನಲ್ಲಿ ಬಾಯಿಪಾಠ ಮಾಡಿ ಬರೆಯೋ ಆ 'ಮ್ಯೂ' ಒಂದಿಷ್ಟು ಇಳಿದ್ರೆ, ಎಲ್ಲೋ ಒಬ್ಬರು ಆಸ್ಪತ್ರೆಯಿಂದ ಮಧ್ಯಾಹ್ನದ ಊಟಕ್ಕೆ ಮನೆ ಸೇರ್ತಾರೆ.