ಸ್ನಾಯುವಿಗೆ ಎಳೆಯುವುದಷ್ಟೇ ಗೊತ್ತು

ಬಿ.ಕಾಂ. ಮುಗಿಸಿ, ಮೂವತ್ತೈದು ವರ್ಷ ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತು ನಿವೃತ್ತನಾದವನು ನಾನು. ಜೀವಶಾಸ್ತ್ರಕ್ಕೂ ನನಗೂ ಎಸ್ಸೆಸ್ಸೆಲ್ಸಿಯಲ್ಲೇ ಲೆಕ್ಕ ಚುಕ್ತಾ ಆಗಿತ್ತು. ಅಂಥವನು ಎಪ್ಪತ್ತು ದಾಟಿದ ಮೇಲೆ ಮನುಷ್ಯನ ಮೈಯ ಸ್ನಾಯುಗಳ ಹೆಸರನ್ನು ಬಾಯಿಪಾಠ ಮಾಡಲು ಕುಳಿತೆ. ಅದಕ್ಕೆ ಎರಡು ಕಾರಣ. ಒಂದು ನನ್ನ ಮೊಮ್ಮಗಳು, ಇನ್ನೊಂದು ಅವಳ ಆಯಿಯ ಮೊಣಕಾಲು.

ಮೊಮ್ಮಗಳು ಬೆಳಗಾವಿಯಲ್ಲಿ ಫಿಸಿಯೋಥೆರಪಿ ಓದುತ್ತಿದ್ದಾಳೆ. ಮೊದಲನೇ ವರ್ಷದ ರಜೆಗೆ ಪಾಲಬಾವಿಗೆ ಬಂದಾಗ ಇಟ್ಟಿಗೆಯಷ್ಟು ದಪ್ಪನೆಯ ಪುಸ್ತಕವನ್ನು ನನ್ನ ಕೈಗೆ ಕೊಟ್ಟು, “ಅಜ್ಜಾ, ನಾ ಒಪ್ಪಸ್ತೇನಿ, ನೀ ನೋಡ್ಕೋತ ಹೋಗು. ತಪ್ಪಿದ್ರ ಹೇಳು” ಎಂದು ಪಡಸಾಲೆಯಲ್ಲಿ ಅಡ್ಡಾಡುತ್ತ ಶುರು ಮಾಡುತ್ತಿದ್ದಳು. ಪ್ರತಿಯೊಂದು ಸ್ನಾಯುವಿಗೂ ನಾಲ್ಕು ಕಾಲಂ. ಎಲ್ಲಿಂದ ಹೊರಡುತ್ತದೆ, ಎಲ್ಲಿ ಹೋಗಿ ಅಂಟಿಕೊಳ್ಳುತ್ತದೆ, ಯಾವ ನರ ಅದಕ್ಕೆ ಅಪ್ಪಣೆ ಕೊಡುತ್ತದೆ, ಅದು ಮಾಡುವ ಕೆಲಸ ಏನು. ಲೆಡ್ಜರಿನಲ್ಲೇ ಆಯುಷ್ಯ ಕಳೆದವನಿಗೆ ನಾಲ್ಕು ಕಾಲಂ ಕಂಡರೆ ಸುಮ್ಮನೆ ಕೂರಲಾಗುತ್ತದೆಯೇ? ಅವಳು ಒಪ್ಪಿಸುತ್ತ ಹೋದಂತೆ ನಾನೂ ಕಲಿಯುತ್ತ ಹೋದೆ. ಎಲುಬಿಗೆ ಅಂಟಿಕೊಂಡ ಸ್ನಾಯುಗಳೇ 600ಕ್ಕೂ ಹೆಚ್ಚು. ಸಣ್ಣ ಊರಿನ ಶಾಖೆಯೊಂದರ ಖಾತೆಗಳಷ್ಟು!

ಇನ್ನು ಮೊಣಕಾಲಿನ ಸಂಗತಿ. ಎರಡು ವರ್ಷದಿಂದ ನಮ್ಮ ಮನೆಯವಳು ನೆಲಕ್ಕೆ ಕುಳಿತರೆ ಏಳಲು ಯಾರಾದರೂ ಕೈ ಕೊಡಬೇಕಾಗಿತ್ತು. ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದವಳು ಗ್ಯಾಸ್ ಕಟ್ಟೆಯ ಮುಂದೆ ನಿಂತಳು. ಮದುವೆ ಮನೆಯ ಪಂಕ್ತಿ ಬಿಟ್ಟಳು, ಮಠದ ಪ್ರವಚನ ಬಿಟ್ಟಳು. “ಕುಂತ್ರ ಏಳಾಕ ಆಗೂದಿಲ್ಲ, ನಾಲ್ಕು ಮಂದ್ಯಾಗ ಯಾಕ ಫಜೀತಿ” ಎನ್ನುತ್ತಿದ್ದಳು. ಹೀಗೇ ಒಂದೊಂದೇ ಬಿಡುತ್ತ ಹೋದರೆ ಕೊನೆಗೆ ಹಾಸಿಗೆಯೊಂದೇ ಉಳಿಯುತ್ತದೆ ಎಂಬ ಹೆದರಿಕೆ ನನಗೆ. ಡಾಕ್ಟರರು ಎಕ್ಸ್‌ರೇ ನೋಡಿ, “ಸವಕಳಿ ಇದೆ, ಆದರೆ ಈಗಲೇ ಆಪರೇಷನ್ ಬೇಡ. ತೊಡೆ ಗಟ್ಟಿ ಮಾಡಿಕೊಳ್ಳಿ” ಎಂದರು. ನೋವು ಮೊಣಕಾಲಿನದು, ಔಷಧ ತೊಡೆಗೆ! ಇದರ ಮರ್ಮ ತಿಳಿಯಬೇಕಾದರೆ ಮೊದಲು ಸ್ನಾಯು ಎಂದರೇನು ಎಂಬುದೇ ಗೊತ್ತಿರಬೇಕು ಎಂದಳು ಮೊಮ್ಮಗಳು.

ಮಕ್ಕಳೇ, ಅವಳು ಹೇಳಿದ ಮೊದಲ ಪಾಠವನ್ನೇ ನಿಮಗೂ ಹೇಳುತ್ತೇನೆ. ಸ್ನಾಯುವಿಗೆ ಎಳೆಯುವುದಷ್ಟೇ ಗೊತ್ತು, ತಳ್ಳುವುದು ಗೊತ್ತಿಲ್ಲ. “ಹಾಗಾದರೆ ನಾವು ಬಾಗಿಲು ತಳ್ಳುತ್ತೇವಲ್ಲ?” ಎಂದು ಕೇಳುತ್ತೀರಿ. ಬಾಗಿಲು ತಳ್ಳುವಾಗಲೂ ರಟ್ಟೆಯ ಹಿಂಬದಿಯ ಸ್ನಾಯು ಮೊಣಕೈಯ ಎಲುಬನ್ನು ಎಳೆದು ಕೈಯನ್ನು ನೆಟ್ಟಗೆ ಮಾಡುತ್ತದೆ. ಹೊರಗೆ ಕಾಣುವುದು ತಳ್ಳಾಟ, ಒಳಗೆ ನಡೆಯುವುದು ಎಳೆದಾಟ. ಅದಕ್ಕೇ ಮೈಯಲ್ಲಿ ಸ್ನಾಯುಗಳು ಜೋಡಿಯಾಗಿ ದುಡಿಯುತ್ತವೆ. ರಟ್ಟೆಯ ಮುಂದಿನದು ಬೈಸೆಪ್ಸ್, ಎಂದರೆ ಎರಡು ತಲೆಯದು. ಅದು ಕೈ ಮಡಚುತ್ತದೆ. ಹಿಂದಿನದು ಟ್ರೈಸೆಪ್ಸ್, ಮೂರು ತಲೆಯದು. ಅದು ಕೈ ಬಿಡಿಸುತ್ತದೆ. ಒಂದು ಬಿಗಿದರೆ ಇನ್ನೊಂದು ಸಡಿಲ ಬಿಡಬೇಕು. ಜಮೆ ಇದ್ದಲ್ಲಿ ಖರ್ಚೂ ಇರಬೇಕೆನ್ನುವ ನಮ್ಮ ಡಬಲ್ ಎಂಟ್ರಿಯಂತೆಯೇ.

ಅದು ಎಳೆಯುವುದಾದರೂ ಹೇಗೆ? 1954ರಲ್ಲಿ ಇಂಗ್ಲೆಂಡಿನ ‘ನೇಚರ್’ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ತಂಡದವರು ಇದಕ್ಕೆ ಉತ್ತರ ಬರೆದರು. ಒಂದರಲ್ಲಿ ಆಂಡ್ರ್ಯೂ ಹಕ್ಸ್‌ಲಿ, ಇನ್ನೊಂದರಲ್ಲಿ ಹ್ಯೂ ಹಕ್ಸ್‌ಲಿ. ಅಡ್ಡಹೆಸರು ಒಂದೇ, ಬಳಗ ಬೇರೆ. ಸ್ನಾಯುವಿನೊಳಗೆ ದಪ್ಪ ಎಳೆ, ತೆಳು ಎಳೆ ಎಂದು ಎರಡು ಬಗೆಯ ಕಣ್ಣಿಗೆ ಕಾಣದ ಎಳೆಗಳಿವೆ. ಎಳೆಗಳು ತಾವು ಗಿಡ್ಡವಾಗುವುದಿಲ್ಲ, ಒಂದರ ಪಕ್ಕ ಒಂದು ಜಾರಿ ಒಳಗೊಳಗೆ ಸರಿಯುತ್ತವೆ. ಶಾಲೆಯ ಹಗ್ಗಜಗ್ಗಾಟ ನೆನಪು ಮಾಡಿಕೊಳ್ಳಿ. ಹಿಡಿ, ಎಳೆ, ಬಿಡು, ಮುಂದಕ್ಕೆ ಹಿಡಿ. ದಪ್ಪ ಎಳೆಯ ಮೇಲಿನ ಪುಟ್ಟ ಪುಟ್ಟ ಕೊಂಡಿಗಳು ತೆಳು ಎಳೆಯನ್ನು ಹೀಗೆಯೇ ಜಗ್ಗುತ್ತವೆ. ಇಡೀ ಸ್ನಾಯು ಆಗ ಗಿಡ್ಡವಾಗಿ, ಉಬ್ಬಿ, ಗಟ್ಟಿಯಾಗುತ್ತದೆ.

ಪುಸ್ತಕ ಬೇಡ, ನಿಮ್ಮ ಮೈಯನ್ನೇ ಮುಟ್ಟಿ ನೋಡಿ. ಎಡಗೈಯಿಂದ ಬಲ ಮುಂಗೈಯನ್ನು ಮೊಣಕೈಯ ಹತ್ತಿರ ಹಿಡಿದುಕೊಂಡು ಬಲಗೈ ಬೆರಳು ಆಡಿಸಿ. ಆಡುವುದು ಬೆರಳು, ಕುಣಿಯುವುದು ಮುಂಗೈ! ಬೆರಳನ್ನು ಮಡಚಿ ಬಿಡಿಸುವ ಸ್ನಾಯು ಬೆರಳಿನೊಳಗಿಲ್ಲ. ಅವು ಮುಂಗೈಯಲ್ಲೂ ಅಂಗೈಯಲ್ಲೂ ಇದ್ದು, ಉದ್ದನೆಯ ದಾರಗಳಿಂದ ಬೆರಳನ್ನು ಸೂತ್ರದ ಗೊಂಬೆಯಂತೆ ಆಡಿಸುತ್ತವೆ. ಆ ದಾರಕ್ಕೆ ಸ್ನಾಯುರಜ್ಜು ಎಂದು ಹೆಸರು. ನಮ್ಮ ಕಡೆ ಎಲ್ಲದಕ್ಕೂ “ನರ ಹಿಡದೈತಿ” ಎನ್ನುತ್ತೇವಲ್ಲ, ಎಷ್ಟೋ ಸಲ ಹಿಡಿದಿರುವುದು ನರವಲ್ಲ, ಸ್ನಾಯು ಇಲ್ಲವೆ ಈ ದಾರ. ನಿಜವಾದ ನರ ಅಪ್ಪಣೆ ಒಯ್ಯುವ ತಂತಿ.

ಈಗ ಕಿವಿಯ ಕೆಳಗೆ ದವಡೆಯ ಮೇಲೆ ಬೆರಳಿಟ್ಟು ಖಡಕ್ ರೊಟ್ಟಿ ಅಗಿಯಿರಿ. ಅಲ್ಲಿ ಗಟ್ಟಿಯಾಗುವುದು ಅಗಿಯುವ ಸ್ನಾಯು. ಊಟಕ್ಕೆ ಚಕ್ಕಳಮಕ್ಕಳ ಹಾಕಿ ಕೂರುವಾಗ ತೊಡೆಯ ಮೇಲೆ ಓರೆಯಾಗಿ ಹಾಯ್ದ ಒಂದು ಸ್ನಾಯು ನೆರವಿಗೆ ಬರುತ್ತದೆ. ಮೈಯಲ್ಲೇ ಅತಿ ಉದ್ದನೆಯದು ಅದು. ಅದರ ಹೆಸರು ಸಾರ್ಟೋರಿಯಸ್. ಲ್ಯಾಟಿನ್ ಭಾಷೆಯಲ್ಲಿ ಸಾರ್ಟರ್ ಎಂದರೆ ಬಟ್ಟೆ ಹೊಲಿಯುವವನು. ಹಿಂದಿನ ದರ್ಜಿಗಳು ಕಾಲು ಮಡಚಿ ಕುಳಿತೇ ಹೊಲಿಯುತ್ತಿದ್ದರಿಂದ ಆ ಹೆಸರು. ಬಿಕ್ಕಳಿಕೆ ಬಂದರೆ ಅದೂ ಸ್ನಾಯುವಿನ ಕೆಲಸವೇ. ಎದೆಗೂ ಹೊಟ್ಟೆಗೂ ನಡುವೆ ಕೊಡೆಯಂತೆ ಹರಡಿದ ವಪೆ ಎಂಬ ಸ್ನಾಯು ಹೇಳದೆ ಕೇಳದೆ ಜಗ್ಗಿದಾಗ ಬಿಕ್ಕಳಿಕೆ. ನಾನು ಮೂವತ್ತೈದು ವರ್ಷ ನೋಟು ಎಣಿಸಿದ್ದೂ ಹೆಬ್ಬೆರಳ ಬುಡದಲ್ಲಿ ಉಬ್ಬಿರುವ ಪುಟ್ಟ ಸ್ನಾಯುಗಳ ಪುಣ್ಯದಿಂದ ಎಂಬುದು ಈಗ ತಿಳಿಯಿತು.

ಹೀಗೆ ಮುಟ್ಟಿ ಮುಟ್ಟಿ ಕಲಿಯುತ್ತ ತೊಡೆಗೆ ಬಂದೆವು. ತೊಡೆಯ ಮುಂದೆ ನಾಲ್ಕು ಸ್ನಾಯುಗಳು ಒಂದಾಗಿ ಕ್ವಾಡ್ರಿಸೆಪ್ಸ್ ಎನಿಸಿಕೊಂಡಿವೆ. ನಾಲ್ಕೂ ಸೇರಿ ಒಂದೇ ಗಟ್ಟಿ ರಜ್ಜುವಾಗಿ, ಮೊಣಕಾಲ ಚಿಪ್ಪನ್ನು ಹಾಯ್ದು, ಕಣಕಾಲಿನ ಎಲುಬಿಗೆ ಅಂಟಿಕೊಳ್ಳುತ್ತವೆ. ಚಿಪ್ಪು ಅಲ್ಲಿ ಬಾವಿಯ ರಾಟೆಯ ಹಾಗೆ. ಹಗ್ಗ ರಾಟೆಯ ಮೇಲೆ ಹಾಯ್ದರೆ ಎಳೆಯುವುದು ಹಗುರ. ಕುಳಿತವರು ಏಳುವಾಗ ಈ ಹಗ್ಗ ಎಳೆದು ಮೊಣಕಾಲು ನೆಟ್ಟಗಾಗುತ್ತದೆ. ಸೊಂಟ ನೆಟ್ಟಗಾಗುವುದು ಪಿರ್ರೆಯ ದೊಡ್ಡ ಸ್ನಾಯುವಿನಿಂದ. ಇನ್ನು ಕೂರುವಾಗ? ಅಲ್ಲಿಯೇ ಚಮತ್ಕಾರ. ಬಾವಿಗೆ ಕೊಡ ಇಳಿಸುವಾಗ ಹಗ್ಗವನ್ನು ಒಮ್ಮೆಲೇ ಬಿಡುತ್ತೇವೆಯೇ? ಬಿಗಿ ಹಿಡಿದೇ ಸ್ವಲ್ಪ ಸ್ವಲ್ಪ ಸಡಿಲಿಸುತ್ತೇವೆ. ತೊಡೆಯೂ ಹಾಗೆಯೇ ಬಿಗಿದುಕೊಂಡೇ ಉದ್ದವಾಗುತ್ತ ನಮ್ಮನ್ನು ಮೆಲ್ಲಗೆ ಇಳಿಸುತ್ತದೆ. ವಯಸ್ಸಾದವರು ಕುರ್ಚಿಯ ಮೇಲೆ ‘ದೊಪ್’ ಎಂದು ಬಿದ್ದರೆ ಹಗ್ಗ ಹಿಡಿಯುವ ಕೈ ಸೋತಿದೆ ಎಂದೇ ಅರ್ಥ.

ಡಾಕ್ಟರರ ಮಾತಿನ ಮರ್ಮ ಆಗ ತಿಳಿಯಿತು. ತೊಡೆ ಸೊರಗಿದರೆ ಹೆಜ್ಜೆ ಹೆಜ್ಜೆಯ ಭಾರವೂ ಸವೆದ ಕೀಲಿನ ಮೇಲೆಯೇ. ನೋವೆಂದು ಕಾಲು ಆಡಿಸದಿದ್ದರೆ ತೊಡೆ ಇನ್ನಷ್ಟು ಸೊರಗುತ್ತದೆ. ಅದರಿಂದ ನೋವು ಇನ್ನಷ್ಟು. ಬಡ್ಡಿಗೆ ಬಡ್ಡಿ ಬೆಳೆದಂತೆ.

ಇದನ್ನೆಲ್ಲ ಕೇಳುತ್ತ ಕುಳಿತಿದ್ದ ನಮ್ಮ ಮನೆಯವಳು, “ಚರ್ಮದ ಒಳಗ ಇಷ್ಟೆಲ್ಲಾ ಐತಿ ಅಂತ ನೋಡಿದವರಾದ್ರೂ ಯಾರ?” ಎಂದು ಕೇಳಿದಳು. ದೊಡ್ಡ ಪ್ರಶ್ನೆಯೇ. ನಮ್ಮ ದೇಶದಲ್ಲಿ ಸುಶ್ರುತ ಸಂಹಿತೆ ಬಹು ಹಿಂದೆಯೇ 500 ಪೇಶಿಗಳ ಲೆಕ್ಕ ಕೊಟ್ಟಿದೆ. ದೇಹವನ್ನು ಹುಲ್ಲಿನಲ್ಲಿ ಸುತ್ತಿ, ಪಂಜರದಲ್ಲಿಟ್ಟು, ಹರಿಯುವ ನೀರಿನಲ್ಲಿ ಏಳು ರಾತ್ರಿ ಬಿಟ್ಟು, ಆಮೇಲೆ ಪದರ ಪದರವಾಗಿ ಉಜ್ಜಿ ಕಣ್ಣಾರೆ ನೋಡಿ ಕಲಿಯಬೇಕು ಎಂದು ಅದರಲ್ಲಿದೆ. ಯುರೋಪಿನಲ್ಲಿ ವೆಸೇಲಿಯಸ್ 1543ರಲ್ಲಿ ಸ್ನಾಯುಗಳ ಚಿತ್ರವಿರುವ ದೊಡ್ಡ ಗ್ರಂಥ ಅಚ್ಚು ಹಾಕಿಸಿದ. 1836ರಲ್ಲಿ ಕಲ್ಕತ್ತೆಯ ಮೆಡಿಕಲ್ ಕಾಲೇಜಿನಲ್ಲಿ ಪಂಡಿತ ಮಧುಸೂದನ ಗುಪ್ತರು ಜನರ ಕಟ್ಟುಪಾಡು ಮೀರಿ ದೇಹವನ್ನು ಬಿಡಿಸಿ ನೋಡಿದರು.

“ಅಷ್ಟು ದೂರ ಯಾಕ ಆಯೀ, ನಮ್ಮ ಬೆಳಗಾವಿದ ಹೇಳ್ತೇನಿ ಕೇಳು” ಎಂದು ಮೊಮ್ಮಗಳು ಒಂದು ಸಂಗತಿ ಹೇಳಿದಳು. ಬೈಲಹೊಂಗಲದ ವೈದ್ಯ ಡಾ. ಬಿ.ಎಸ್. ರಾಮಣ್ಣವರ ಅವರು ತಾವು ತೀರಿಕೊಂಡ ಮೇಲೆ ತಮ್ಮ ದೇಹ ವಿದ್ಯಾರ್ಥಿಗಳಿಗೆ ಸಲ್ಲಬೇಕು, ಅದನ್ನು ಬಿಡಿಸಿ ಪಾಠ ಹೇಳುವವನು ತಮ್ಮ ಮಗನೇ ಆಗಬೇಕು ಎಂದು ಬಯಸಿದ್ದರು. 2008ರಲ್ಲಿ ಅವರು ತೀರಿಕೊಂಡರು. ಮಗ ಡಾ. ಮಹಾಂತೇಶ ರಾಮಣ್ಣವರ ಬೆಳಗಾವಿಯ ಕೆ.ಎಲ್.ಇ. ಸಂಸ್ಥೆಯ ಬಿ.ಎಂ. ಕಂಕಣವಾಡಿ ಆಯುರ್ವೇದ ಕಾಲೇಜಿನಲ್ಲಿ ಶರೀರ ರಚನೆ ಕಲಿಸುವ ಅಧ್ಯಾಪಕರು. ಎರಡು ವರ್ಷ ಕಾಪಾಡಿಟ್ಟ ತಂದೆಯ ದೇಹವನ್ನು 2010ರ ನವೆಂಬರಿನಲ್ಲಿ, ವಿದ್ಯಾರ್ಥಿಗಳ ಎದುರಿನಲ್ಲಿ, ತಮ್ಮ ಕೈಯಿಂದಲೇ ಬಿಡಿಸಿ ಪಾಠ ಮಾಡಿದರು. ತಂದೆಯ ಮಾತು ನಡೆಸಿಕೊಟ್ಟರು.

ಪಡಸಾಲೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. “ನಾವೂ ಹಂಗ ಯಾರೋ ಕೊಟ್ಟ ದೇಹದ ಮುಂದನ ಕಲಿಯೂದು. ಮೊದಲನೇ ದಿನ ಕೈ ಮುಗದ ಮ್ಯಾಲೇ ಒಳಗ ಹೋದ್ವಿ” ಎಂದಳು ಮೊಮ್ಮಗಳು. ಅವಳ ಆಯಿ ಸೆರಗಿನಿಂದ ಕಣ್ಣು ಒರೆಸಿಕೊಂಡು, “ಅವರು ಸತ್ತ ಮ್ಯಾಲೂ ಮಂದಿಗೆ ಕಲಿಸ್ಯಾರ. ನಾ ಜೀವಂತ ಇದ್ದು ಕಾಲು ಆಡಸಂಗಿಲ್ಲ ಅಂದ್ರ ಹೆಂಗ? ಹೇಳವ್ವಾ, ಏನ್ ಮಾಡ್ಬೇಕು?” ಎಂದಳು.

“ಬೈಠಕ್ ಹೊಡಿಬೇಕು” ಎಂದಳು ಮೊಮ್ಮಗಳು. ಎಲ್ಲರೂ ನಕ್ಕೆವು. ಆದರೆ ಅದು ನಗೆಯ ಮಾತಾಗಿರಲಿಲ್ಲ. ಗರಡಿಮನೆಯ ಪೈಲವಾನರು ಹೊಡೆಯುವ ಬೈಠಕ್ ಎಂದರೆ ಕೂರುವುದು, ಏಳುವುದು ಅಷ್ಟೇ ತಾನೆ? ಕುರ್ಚಿಯ ಮೇಲೆ ಎರಡು ಕೌದಿ ಮಡಚಿ ಹಾಕಿ ಎತ್ತರ ಮಾಡಿದಳು. ಕುರ್ಚಿಯನ್ನು ಗೋಡೆಗೆ ಆನಿಸಿದಳು. ಡಾಕ್ಟರರನ್ನು ಕೇಳಿ ಒಪ್ಪಿಗೆ ಪಡೆದ ಮೇಲೆ ಮುಂಜಾನೆ ಐದು ಸಲ, ಸಂಜೆ ಐದು ಸಲ. ಮೊದಲ ವಾರ ಕುರ್ಚಿಯ ಕೈ ಹಿಡಿದು, ಆಮೇಲೆ ಹಿಡಿಯದೆ. ಎಣಿಸುವ ಕೆಲಸ ನನ್ನದು. ಎಣಿಸುವುದರಲ್ಲಿ ನನಗೆ ಅನುಭವ ಉಂಟಲ್ಲ!

“ಈ ವಯಸ್ಸಿನ್ಯಾಗ ತೊಡಿ ಬೆಳಿತೈತೇನು?” ಎಂಬ ಅನುಮಾನ ಅವಳಿಗೆ ಇದ್ದೇ ಇತ್ತು. ಅದಕ್ಕೂ ಉತ್ತರವಿದೆ. ಅಮೆರಿಕದ ಬೋಸ್ಟನ್ನಿನಲ್ಲಿ ಡಾ. ಮರಿಯಾ ಫಿಯಟರೋನ್ ಮತ್ತು ಸಂಗಡಿಗರು ವೃದ್ಧಾಶ್ರಮದ 10 ಮಂದಿಗೆ 8 ವಾರ ತೊಡೆಯ ಕಸರತ್ತು ಮಾಡಿಸಿ, ಫಲವನ್ನು 1990ರಲ್ಲಿ ಪ್ರಕಟಿಸಿದರು. ಅವರ ಸರಾಸರಿ ವಯಸ್ಸು 90! ಕೊನೆಯವರೆಗೆ ಮಾಡಿದವರ ತೊಡೆಯ ಶಕ್ತಿ ಸರಾಸರಿ ಎರಡು ಪಟ್ಟಿಗೂ ಮೀರಿ ಏರಿತ್ತು. ನಡುವಯಸ್ಸು ದಾಟಿದ ಮೇಲೆ ಸ್ನಾಯು ಮೆಲ್ಲಗೆ ಕರಗುವುದು ನಿಜ, ಹಾಸಿಗೆ ಹಿಡಿದರೆ ಬೇಗನೆ ಕರಗುವುದೂ ನಿಜ. ಆದರೆ ಕೆಲಸ ಕೊಟ್ಟರೆ ತೊಂಬತ್ತರಲ್ಲಿಯೂ ಅದು ಓಗೊಡುತ್ತದೆ. ಎಷ್ಟೇ ವಯಸ್ಸಾದರೂ ಮುಚ್ಚಿಹೋಗದ ಖಾತೆ ಅದು. ಜಮೆ ಮಾಡುವವರು ಬೇಕು.

ಎರಡನೇ ತಿಂಗಳಿಗೆ ಒಂದು ಕೌದಿ ತೆಗೆದೆವು. ನಾಲ್ಕನೇ ತಿಂಗಳಿಗೆ ಇನ್ನೊಂದು. ಈಗ ಎಂಟು ತಿಂಗಳಾಯಿತು. ಮಣೆಯ ಮೇಲೆ ಕುಳಿತು ತಾನೇ ಏಳುತ್ತಾಳೆ. ಬರಿ ನೆಲದಿಂದ ಏಳಲು ಇನ್ನೂ ಒಂದು ಕೈ ಗೋಡೆಗೆ ಬೇಕು. ಸವೆದ ಕೀಲು ಹೊಸದಾಗಿಲ್ಲ, ಮಳೆಗಾಲದ ನೋವು ಹೋಗಿಲ್ಲ. ಆದರೆ ಶ್ರಾವಣದಲ್ಲಿ ಮಠದ ಪ್ರವಚನಕ್ಕೆ ಹೋಗಿ ಗೋಡೆಯ ಬದಿಗೆ ಜಾಗ ಹಿಡಿದು ಕುಳಿತಳು. ಮುಗಿದ ಮೇಲೆ ಗೋಡೆ ಹಿಡಿದು ತಾನೇ ಎದ್ದಳು. ಗಂಡಸರ ಸಾಲಿನಲ್ಲಿ ಕುಳಿತಿದ್ದ ನನಗೆ ಆ ದಿನ ಶರಣರ ವಿಚಾರ ಅರ್ಧಂಬರ್ಧ ತಲೆಗೆ ಹೋಯಿತು. ಕಣ್ಣೆಲ್ಲ ಆ ಗೋಡೆಯ ಕಡೆಗೇ ಇತ್ತು.

ಮಕ್ಕಳೇ, ನಿಮ್ಮ ಮನೆಯಲ್ಲಿ ಅಜ್ಜನೋ ಅಜ್ಜಿಯೋ ಇದ್ದರೆ ಇವತ್ತು ಸಂಜೆ ಒಂದು ಕೆಲಸ ಮಾಡಿ. ಗಟ್ಟಿ ಕುರ್ಚಿಯನ್ನು ಗೋಡೆಗೆ ಆನಿಸಿ, ನೀವು ಪಕ್ಕದಲ್ಲಿ ನಿಂತು, ಅವರಿಂದ ಆದಷ್ಟು ಸಲ ಕೂತು ಏಳಿಸಿ. ಮೊಣಕಾಲೋ ಎದೆಯೋ ತೊಂದರೆ ಕೊಡುವವರಾದರೆ ಮೊದಲು ಡಾಕ್ಟರರ ಮಾತು ಕೇಳಲಿ. ಏಳುವಾಗ ಅವರ ಕೈಯನ್ನು ಅವರ ತೊಡೆಯ ಮೇಲೇ ಇರಿಸಿ, ಗಟ್ಟಿಯಾಗುವ ಆ ಸ್ನಾಯುವಿನ ಹೆಸರನ್ನು ಹೇಳಿಕೊಡಿ. ಎಣಿಸುವಾಗ ನಮ್ಮ ಮನೆಯ ನಿಯಮ ನೆನಪಿರಲಿ. ಏಳುವುದೊಂದನ್ನೇ ನಾವು ಎಣಿಸುವುದಿಲ್ಲ. ಕೊಡ ಇಳಿಸಿದಂತೆ ಮೆಲ್ಲಗೆ ಕುಳಿತರೆ ಮಾತ್ರ ಒಂದು. ದೊಪ್ ಎಂದರೆ ಅದು ಲೆಕ್ಕಕ್ಕಿಲ್ಲ.